ಪೈಲ್ವಾನನ ಕೈಗುಣ

ಕೈಗುಣ ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತೆ. "ಆ ಡಾಕ್ಟ್ರು ಮುಟ್ಟಿದ್ರೆ ಸಾಕು ಕಣ್ರೀ, ಕಾಯಿಲೆ ಓಡಿ ಹೋಗುತ್ತೆ, ಕೈಗುಣ ಹಾಗಿದೆ" ಅಂತಾರಲ್ಲ, ಅದೇ. ಕೈಗುಣದಿಂದಲೇ ಎಲ್ಲ ಆಗೋ ಹಾಗಿದ್ರೆ ನಾವು ತಲೆಕೂದಲು ಉದುರೋ ತನಕ ಓದಿದ್ದು ಯಾಕೆ? ಕೈ ಪಳಗಬೇಕು, ಕಣ್ಣು ಪಳಗಬೇಕು. ಅದಕ್ಕೂ ಮುಂಚೆ ಬಾಯಿ ಮುಚ್ಚಿಕೊಂಡು ನಿಲ್ಲೋದು ಗೊತ್ತಿರಬೇಕು. ಇದನ್ನ ಕಲಿಸೋದೇ ನನ್ನ ಕೆಲಸ, ಚೆನ್ನಾಗಿಯೇ ಕಲಿಸ್ತೀನಿ. ಇದರಲ್ಲಿ ಸಂಕೋಚ ಪಟ್ಟು ಏನಾಗಬೇಕು?

ನಮ್ಮದು ಆಗ ತಾನೇ ಹುಟ್ಟಿದ ಮಕ್ಕಳ ಐಸಿಯು. ತಿಂಗಳು ತುಂಬೋ ಮೊದಲೇ ಅವಸರ ಬಿದ್ದು ಬಂದವು, ಹುಟ್ಟಿದ ಮೇಲೆ ಉಸಿರಾಡೋದನ್ನೇ ಮರೆತವು, ಎಲ್ಲ ಇಲ್ಲಿಗೇ ಬರುತ್ತವೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಉದ್ದನೆ ಹೆಸರಿದೆ, ನಾವು ಒಳಗಿನವರು 'ಗೂಡು' ಅಂತೀವಿ. ಎರಡು ಸಾಲು ಗಾಜಿನ ಪೆಟ್ಟಿಗೆ, ಒಂದೊಂದರ ಪಕ್ಕದಲ್ಲೂ ಕೈ ತೂರಿಸೋಕೆ ದುಂಡು ಕಿಂಡಿ, ಮೇಲೊಂದು ಮಾನಿಟರ್. ಕಲಿಯೋಕೆ ಬಂದ ಡಾಕ್ಟರುಗಳು ನನ್ನನ್ನ ಎದುರಿಗೆ 'ಮೇಡಂ' ಅಂತಾರೆ, ಬೆನ್ನ ಹಿಂದೆ 'ಅತ್ತೆ' ಅಂತಾರೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ, ಪಾಪ.

ಹಾಗೆ ನೋಡಿದ್ರೆ ಇಲ್ಲಿ ಕಲಿಯೋಕೆ ಬರೋವರು ಎಳೆಯರೇನಲ್ಲ. ಡಾಕ್ಟರ್ ಓದು ಮುಗಿಸಿರ್ತಾರೆ. ಅದು ಸಾಲದು ಅಂತ ಮಕ್ಕಳ ಡಾಕ್ಟರ್ ಆಗಿರ್ತಾರೆ. ಊರಲ್ಲಿ ನಾಲ್ಕು ಜನ ನಮಸ್ಕಾರ ಹೊಡೀತಿರ್ತಾರೆ. ಅದೂ ಸಾಲದು ಅಂತ ಇಲ್ಲಿಗೆ ಬಂದು, ಮತ್ತೆ ಒಂದನೇ ಕ್ಲಾಸಿನಿಂದ ಶುರು ಮಾಡ್ತಾರೆ. ಯಾಕಂದ್ರೆ ಆರು ವರ್ಷದ ಹುಡುಗನಿಗೆ ಮದ್ದು ಕೊಡೋದೇ ಬೇರೆ, ಅಂಗೈ ಅಗಲದ ಕೂಸನ್ನ ಉಳಿಸ್ಕೊಳ್ಳೋದೇ ಬೇರೆ. ಮೊದಲ ದಿನವೇ ಅವರ ಮುಖ ನೋಡಬೇಕು ನೀವು. ಕಲಿತದ್ದೆಲ್ಲ ಯಾರೋ ಕಿತ್ಕೊಂಡು ಹೋದ ಹಾಗೆ ನಿಂತಿರ್ತಾರೆ.

ಪೈಲ್ವಾನ ಬಂದ ದಿನ ಬಾಗಿಲ ಹತ್ತಿರ ತಲೆ ಬಗ್ಗಿಸಿ ಒಳಗೆ ಬಂದ. ಅಷ್ಟು ಎತ್ತರ. ಭುಜ ನೋಡಿದ್ರೆ ಮೂಟೆ ಹೊರೋಕೆ ಹೇಳಿ ಮಾಡಿಸಿದ ಹಾಗಿತ್ತು. ಕೈಗಳಂತೂ, ಅಬ್ಬಾ! ನಮ್ಮಲ್ಲಿದ್ದ ಅತಿ ದೊಡ್ಡ ಗ್ಲೌಸ್ ಹಾಕ್ಕೊಂಡ್ರೆ ಅದು ಮಣಿಕಟ್ಟಿನ ತನಕ ಬರದೆ ಅರ್ಧಕ್ಕೇ ನಿಂತಿತು. ದೊಡ್ಡ ಸಿಸ್ಟರ್ ನನ್ನ ಕಿವಿಯಲ್ಲಿ, "ಮೇಡಂ, ಇವರ ಹೆಬ್ಬೆರಳು ನಮ್ಮ ಕೂಸುಗಳ ತೊಡೆಗಿಂತ ದಪ್ಪ ಇದೆ" ಅಂದ್ರು. ದೊಡ್ಡ ಸಿಸ್ಟರ್ ಅಂದ್ರೆ ಗೂಡಿನ ನರ್ಸುಗಳಿಗೆಲ್ಲ ಹಿರಿಯರು, ನನ್ನ ಜೊತೆಗೇ ಇಲ್ಲಿ ತಲೆ ನರೆಸಿಕೊಂಡವರು. ಅವತ್ತೇ ಅವನಿಗೆ ಪೈಲ್ವಾನ ಅಂತ ಹೆಸರಾಯ್ತು. ಅವನು ಕೇಳಿಸ್ಕೊಂಡು ನಕ್ಕ. "ಮನೇಲಿ ಇದಕ್ಕಿಂತ ಕೆಟ್ಟ ಹೆಸರಿದೆ ಮೇಡಂ" ಅಂದ.

"ಕೈ ಕಟ್ಟು" ಅಂದೆ ನಾನು.

ಇದು ನಮ್ಮ ಗೂಡಿನ ಮೊದಲ ಪಾಠ. ಹೊಸಬರು ಯಾರೇ ಬರಲಿ, ಮೊದಲ ಕೆಲವು ವಾರ ಕೂಸನ್ನ ಮುಟ್ಟೋ ಹಾಗಿಲ್ಲ. ಪೆಟ್ಟಿಗೆ ಮುಂದೆ ಕೈ ಕಟ್ಟಿ ನಿಂತು ನೋಡಬೇಕು, ನೋಡಿದ್ದನ್ನ ಹೇಳಬೇಕು. ಅಷ್ಟು ಚಿಕ್ಕ ಜೀವಕ್ಕೆ ಪ್ರತಿ ಸ್ಪರ್ಶವೂ ಒಂದು ಪೆಟ್ಟು. ಸುಮ್ಮನೆ ಹೊರಳಿಸಿದ್ರೂ ಆಮ್ಲಜನಕ ಇಳಿಯುತ್ತೆ. ಮುಟ್ಟೋ ಚಪಲ ಇರೋವರು ಇಲ್ಲಿ ಬಾಳಲ್ಲ.

"ಏನು ಕಾಣ್ತಿದೆ ಹೇಳು" ಅಂದೆ. ಅವನು ಮಾನಿಟರ್ ಕಡೆ ಕತ್ತೆತ್ತಿ ಎದೆಬಡಿತ ಇಷ್ಟು, ಆಮ್ಲಜನಕ ಇಷ್ಟು ಅಂತ ಗಿಣಿ ಹಾಗೆ ಒಪ್ಪಿಸಿದ. ನಾನು ಒಂದು ಟವೆಲ್ ತಗೊಂಡು ಮಾನಿಟರ್ ಮುಖಕ್ಕೆ ಹೊದಿಸಿಬಿಟ್ಟೆ. "ಟಿವಿ ನೋಡೋಕೆ ಬಂದಿದ್ದೀಯಾ? ಕೂಸನ್ನ ನೋಡಪ್ಪ." ಪಕ್ಕದಲ್ಲಿದ್ದ ದೊಡ್ಡ ಸಿಸ್ಟರ್ ಕಣ್ಣಲ್ಲೇ ಆ ಮಾನಿಟರಿನ ಜವಾಬ್ದಾರಿ ತಗೊಂಡ್ರು, ಅದರ ಸದ್ದು ಹೇಗೂ ಕೇಳ್ತಾನೇ ಇತ್ತು. ಪೈಲ್ವಾನ ಬಗ್ಗಿ ನೋಡಿದ. ಬೆವರು ಕಿತ್ತು ಬಂತು ಅವನಿಗೆ.

ಆದ್ರೆ ಕಲಿತ ನೋಡಿ. ಯಾರನ್ನೂ ಸುಲಭಕ್ಕೆ ಹೊಗಳೋಳಲ್ಲ ನಾನು, ಆದ್ರೂ ಹೇಳ್ತೀನಿ, ಹಾಗೆ ಕಲಿತವನನ್ನ ನಾನು ನೋಡಿಲ್ಲ. ಮೂಗಿನ ಹೊಳ್ಳೆ ಅರಳೋದು, ಪಕ್ಕೆಲುಬಿನ ಕೆಳಗೆ ಗುಳಿ ಬೀಳೋದು, ಚರ್ಮದ ಬಣ್ಣ ಒಂದು ಛಾಯೆ ಮಂಕಾಗೋದು, ಎಲ್ಲ ಅವನ ಕಣ್ಣಿಗೆ ಬೀಳೋಕೆ ಶುರುವಾಯ್ತು. ಒಂದು ಬೆಳಗ್ಗೆ ಕಿಟಕಿ ಪಕ್ಕದ ಕೂಸಿನ ಮುಂದೆ ನಿಂತು, "ಮೇಡಂ, ಇದಕ್ಕೆ ಇವತ್ತು ಏನೋ ಆಗಿದೆ" ಅಂದ. ಅಂಕಿಗಳೆಲ್ಲ ಚೆನ್ನಾಗಿದ್ವು. "ನಿನ್ನೆ ಮುಷ್ಟಿ ಮಾಡಿ ಮಲಗಿತ್ತು. ಇವತ್ತು ಕೈ ಚೆಲ್ಲಿ ಮಲಗಿದೆ" ಅಂದ. ರಕ್ತ ಕಳಿಸಿದ್ವಿ, ಸೋಂಕು ಆಗ ತಾನೇ ಹತ್ತಿಕೊಳ್ತಿತ್ತು. ಮಧ್ಯಾಹ್ನದ ತನಕ ಕಾದಿದ್ರೆ ನಾವೂ ಕೈ ಚೆಲ್ಲಬೇಕಾಗ್ತಿತ್ತು.

ಆಮೇಲೆ ಅವನ ಕೈ ಬಿಚ್ಚಿಸಿದೆ. ಮೊದಲು ರಬ್ಬರ್ ಗೊಂಬೆ ಮೇಲೆ, ಆಮೇಲೆ ಕೂಸುಗಳ ಮೇಲೆ. ಎಲ್ಲರೂ ಹೆದರಿದ್ದ ಆ ಕೈಯೇ ಅವನ ದೊಡ್ಡ ಆಸ್ತಿ ಆಯ್ತು. ಕೂಸಿನ ತಲೆಯನ್ನ ಒಂದು ಕೈಯಲ್ಲಿ ಹಿಡಿದ್ರೆ ಅದು ಅಲ್ಲಾಡ್ತಿರಲಿಲ್ಲ, ಅಷ್ಟು ಭದ್ರ, ಅಷ್ಟು ಹಗುರ. ಹೊಕ್ಕುಳಬಳ್ಳಿಯ ರಕ್ತನಾಳದೊಳಗೆ ನೂಲಿನಂಥ ಕೊಳವೆ ತೂರಿಸೋವಾಗ ಅವನು ಉಸಿರು ಕೂಡ ಮೂಗಿನ ತುದಿಯಲ್ಲೇ ಆಡ್ತಿದ್ದ. ಆಗ ಶುರುವಾಗೋದು ನಮ್ಮ ಎರಡನೇ ಪಾಠ, ಅದು ನನಗೆ. ಶಿಷ್ಯ ಕೈ ಬಿಚ್ಚಿದ ಮೇಲೆ ಗುರು ಕೈ ಕಟ್ಟಬೇಕು. ಹಿಂದೆ ನಿಂತು ನೋಡಬೇಕೇ ಹೊರತು ನಡುವೆ ಮೂಗು ತೂರಿಸೋ ಹಾಗಿಲ್ಲ. ಜೀವಕ್ಕೆ ಅಪಾಯ ಅಂತ ಕಂಡ್ರೆ ಮಾತ್ರ ಶಿಷ್ಯನನ್ನ ಪಕ್ಕಕ್ಕೆ ತಳ್ಳಬೇಕು. ನನ್ನಂಥ ಬಾಯಿಬಡುಕಿಗೆ ಇದು ಎಷ್ಟು ಕಷ್ಟ ಅಂತ ನನಗೊಬ್ಬಳಿಗೇ ಗೊತ್ತು.

ಹೀಗೆ ಎಲ್ಲ ಸರಿಯಾಗಿ ನಡೀತಿರೋವಾಗ ಟೈಲರಮ್ಮನ ಕೂಸು ಬಂತು.

ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯೋ ಹೆಂಗಸು ಅವಳು, ಗಂಡ ಬಸ್ ಓಡಿಸ್ತಾನೆ. ಚೊಚ್ಚಲ ಹೆರಿಗೆ, ಹೆಣ್ಣು ಮಗು, ತೀರಾ ಬೇಗ. ಶ್ವಾಸಕೋಶ ಇನ್ನೂ ಬಲಿತೇ ಇರಲಿಲ್ಲ. ಪೈಲ್ವಾನ ಅವತ್ತು ಮಾಡಿದ ಕೆಲಸವನ್ನ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಉಸಿರಿನ ಟ್ಯೂಬ್ ಗಂಟಲೊಳಗೆ ಒಂದೇ ಸಲಕ್ಕೆ ಹೋಯ್ತು. ಮದ್ದು ಸರಿಯಾದ ಹೊತ್ತಿಗೆ ಹೋಯ್ತು. ತಪ್ಪು ಹುಡುಕೋದರಲ್ಲಿ ನಾನು ಎತ್ತಿದ ಕೈ, ನನಗೇ ಒಂದೂ ಸಿಗಲಿಲ್ಲ. ಆದ್ರೂ ಕೂಸು ಉಳಿಯಲಿಲ್ಲ. ಎಲ್ಲ ಸರಿಯಾಗಿ ಮಾಡಿದ್ರೂ ಕೆಲವು ಉಳಿಯಲ್ಲ.

ಆ ಮಧ್ಯಾಹ್ನ ಹೊರಗೆ ವರಾಂಡದಲ್ಲಿ ಟೈಲರಮ್ಮನ ಅತ್ತೆ ಗೋಳಾಡ್ತಾ, "ಆ ರಾಕ್ಷಸನಂಥವನ ಕೈಗೆ ಯಾಕೆ ಕೊಟ್ರಿ ನಮ್ಮ ಕೂಸನ್ನ? ಅವನ ಕೈಗುಣ ಸರಿಯಿಲ್ಲ!" ಅಂದ್ರು. ದುಃಖದ ಬಾಯಿ, ಯಾರೂ ಮನಸ್ಸಿಗೆ ಹಚ್ಕೋಬಾರದು. ಆದ್ರೆ ಪೈಲ್ವಾನ ಬಾಗಿಲ ಹತ್ತಿರವೇ ಇದ್ದ. ಪೂರಾ ಕೇಳಿಸ್ಕೊಂಡ.

ಅಲ್ಲಿಂದ ಹುಡುಗ ಬದಲಾದ. ಆಮೇಲೆ ಅವನ ಸರದಿಯಲ್ಲೇ ಇನ್ನೊಂದು ಕೂಸು ಹೋಯ್ತು. ಗೂಡಿನಲ್ಲಿ ಇದು ಯಾರ ಸರದಿಯಲ್ಲೂ ಆಗಬಹುದು. ಅವನು ಅದನ್ನೂ ತನ್ನ ತಲೆಗೇ ಕಟ್ಕೊಂಡ. ಹೆರಿಗೆ ಕೋಣೆಯಿಂದ ಕರೆ ಬಂದ್ರೆ, "ನೀನು ಹೋಗ್ತೀಯಾ?" ಅಂತ ಜೊತೆಯವರ ಮುಂದೆ ಹಲ್ಲು ಗಿಂಜೋಕೆ ಶುರು ಮಾಡಿದ. ಕೈ ಇಟ್ಟ ಮೇಲೆ ಕೆಲಸ ಮುಂಚಿನ ಹಾಗೇ ಇತ್ತು, ಇಡೋ ಮುಂಚೆ ಮಾತ್ರ ಕಿಂಡಿ ಮುಂದೆ ನಿಂತೇಬಿಡ್ತಿದ್ದ. ಎಲ್ಲ ಗಮನಿಸ್ತಿದ್ದೆ, ತಾನಾಗೇ ಸರಿಹೋಗಲಿ ಅಂತ ಬಿಟ್ಟಿದ್ದೆ. ವರ್ಷ ಕಳೆದ್ರೂ ಸರಿಹೋಗಲಿಲ್ಲ. ಒಂದು ದಿನ ನನ್ನ ಕೋಣೆಗೆ ಬಂದು ನಿಂತ.

"ನಾನು ಬಿಡ್ತೀನಿ ಮೇಡಂ."

"ಏನನ್ನ? ಕಾಫೀನಾ?"

"ತಮಾಷೆ ಅಲ್ಲ ಮೇಡಂ. ಈ ಕೆಲಸ ಬಿಡ್ತೀನಿ. ನನ್ನ ಚಿಕ್ಕಪ್ಪನ ಕ್ಲಿನಿಕ್ ಇದೆ. ನೆಗಡಿ, ಕೆಮ್ಮು, ಲಸಿಕೆ ನೋಡ್ಕೊಂಡು ಇರ್ತೀನಿ. ನನ್ನ ಕೈ ಒಳ್ಳೇದಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಇಷ್ಟು ಓದಿ ಇದನ್ನ ಹೇಳೋಕೆ ಬಂದ್ಯಾ? ಆ ಕೂಸಿಗೆ ಶ್ವಾಸಕೋಶ ಇರಲಿಲ್ಲ, ನಿನಗೆ ತಲೆ ಇಲ್ಲ. ಎರಡೂ ಬೇರೆ ಬೇರೆ ವಿಷಯ!" ಅಂತ ಬಾಯಿಗೆ ಬಂದ ಹಾಗೆ ಬೈದೆ. ಬೈಗುಳಕ್ಕೆ ಅವನು ಯಾವಾಗಲೂ ನಗ್ತಿದ್ದ. ಅವತ್ತು ನಗಲಿಲ್ಲ.

"ನೀವು ಹೇಳೋದು ಗೊತ್ತು ಮೇಡಂ. ಲೆಕ್ಕ ನನಗೂ ಗೊತ್ತು. ಆದ್ರೆ ಒಳಗೆ ಕೈ ಹಾಕೋವಾಗ ಆ ಅಜ್ಜಿಯ ಮಾತೇ ಕೇಳುತ್ತೆ."

ಈ ವಾರ ಮುಗಿಸಿ ಹೋಗು ಅಂದೆ. ಅವನು ಹೋದ ಮೇಲೆ ಬಾಗಿಲು ಹಾಕ್ಕೊಂಡು ಕೂತೆ. ಕೆಲಸಕ್ಕೆ ಬಾರದವರು ಎಷ್ಟೋ ಜನ ಬಿಟ್ಟು ಹೋಗಿದ್ದಾರೆ, ಹೋಗಲಿ ಅಂದಿದ್ದೀನಿ. ಇವನು ಹೋದ್ರೆ ಇನ್ನು ಮುಂದೆ ಇವನ ಕೈಗೆ ಸಿಗಬೇಕಾಗಿದ್ದ ಕೂಸುಗಳೆಲ್ಲ ಯಾರ ಕೈಗೆ ಬೀಳ್ತವೋ. ನನಗೆ ಅವನು ಉಳೀಬೇಕಿತ್ತು. ಇಷ್ಟೇ, ಇದರಲ್ಲಿ ಸುತ್ತಿ ಬಳಸೋ ಮಾತಿಲ್ಲ.

ಅದೇ ವಾರ ಟೈಲರಮ್ಮ ಮತ್ತೆ ಬಂದಳು. ಎರಡನೇ ಬಸುರಿ, ಈ ಸಲವೂ ಏಳು ತಿಂಗಳು ತುಂಬೋ ಮೊದಲೇ ನೀರಿನ ಚೀಲ ಒಡೆದಿತ್ತು. ಹೋದ ಸಲಕ್ಕಿಂತ ಕೂಸು ದೊಡ್ಡದು, ಶ್ವಾಸಕೋಶ ಗಟ್ಟಿಯಾಗಲಿ ಅಂತ ತಾಯಿಗೆ ಕೊಡೋ ಇಂಜೆಕ್ಷನ್ನೂ ಹೋಗಿತ್ತು. ಇಂಥ ಹೆರಿಗೆಗೆ ಮುಂಚೆ ಗೂಡಿನವರು ಯಾರಾದ್ರೂ ಹೋಗಿ ತಾಯಿ ಹತ್ತಿರ ಮಾತಾಡ್ತೀವಿ. ಕೂಸು ಹುಟ್ಟಿದ ಕೂಡಲೇ ನಾವೇನು ಮಾಡ್ತೀವಿ, ಏನಾಗಬಹುದು, ಏನಾಗದೇ ಇರಬಹುದು, ಎಲ್ಲ ಮುಚ್ಚುಮರೆ ಇಲ್ಲದೆ ಹೇಳ್ತೀವಿ. ದೊಡ್ಡ ಸಿಸ್ಟರನ್ನ ಕರ್ಕೊಂಡು ನಾನೇ ಹೋದೆ.

ಹೆರಿಗೆ ವಾರ್ಡಿನ ಮೂಲೆ ಮಂಚದಲ್ಲಿ ಅವಳು ಪಕ್ಕಕ್ಕೆ ಹೊರಳಿ ಮಲಗಿದ್ದಳು. ತಲೆದೆಸೆಗೆ ಅತ್ತೆ. ಗಂಡ ಬಸ್ಸು ಇನ್ನೊಬ್ಬರಿಗೆ ಒಪ್ಪಿಸಿ ಬರೋ ದಾರಿಯಲ್ಲಿದ್ದ. ನಾನು ಹೇಳಬೇಕಾದ್ದೆಲ್ಲ ಹೇಳಿ ಮುಗಿಸೋದೇ ತಡ, ಅಜ್ಜಿ ಕೈ ಜೋಡಿಸಿದ್ರು.

"ಒಂದೇ ಒಂದು ಬೇಡಿಕೆ ಡಾಕ್ಟ್ರಮ್ಮಾ. ಆ ಉದ್ದದವನು ಬೇಡ. ನೀವೇ ಬನ್ನಿ."

"ಅವರೇ ಬರಲಿ" ಅಂದಳು ಟೈಲರಮ್ಮ, ದಿಂಬಿನಿಂದ ತಲೆ ಎತ್ತದೆ.

"ಏನಂದೆ? ನಿನಗೆ ಬುದ್ಧಿಗಿದ್ಧಿ ಕೆಟ್ಟಿದೆಯಾ? ಹೋದ ಸಲ ಅವನ ಕೈಯಲ್ಲೇ—"

"ಅತ್ತೆ, ಸುಮ್ನಿರಿ!"

ನಿಜ ಹೇಳ್ತೀನಿ, ನಾನೇ ಒಂದು ಕ್ಷಣ ಬಾಯಿ ಮುಚ್ಚಿದೆ. ದೊಡ್ಡ ಸಿಸ್ಟರ್ ನನ್ನ ಮುಖ ನೋಡಿ, ನಗು ತಡೆಯೋಕಾಗದೆ ಕೆಮ್ಮಿದ ಹಾಗೆ ಮಾಡಿದ್ರು. ಅವರಿಗೂ ನನ್ನ ಅಡ್ಡಹೆಸರು ಗೊತ್ತು ಅಂತ ನನಗೆ ಗೊತ್ತಾಗಿದ್ದು ಅವತ್ತೇ.

"ಅವರು ಬರಬೇಕು ಡಾಕ್ಟ್ರೇ. ಅವರು ಇಲ್ಲದೆ ಬೇಡ" ಅಂತ ಟೈಲರಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು. ಯಾಕಮ್ಮ ಅಂತ ಕೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನೋವು ಬಂತು. ಅವಳು ಮಂಚದ ಸರಳು ಹಿಡಿದು ಕಣ್ಣು ಮುಚ್ಚಿದಳು. ಆ ಹೊತ್ತಲ್ಲಿ ಪ್ರಶ್ನೆ ಕೇಳೋಕೆ ನಾನೇನು ವಕೀಲಳಾ? ವಾಪಸ್ ಬಂದೆ.

ಪೈಲ್ವಾನ ಗೂಡಿನಲ್ಲಿ ಒಂದು ಕೂಸಿಗೆ ಹಾಲಿನ ಕೊಳವೆ ಸರಿಮಾಡ್ತಿದ್ದ. ವಿಷಯ ಹೇಳಿದ ಕೂಡಲೇ ಅವನ ಮುಖ ಬಿಳುಚಿಕೊಂಡಿತು.

"ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ ಮೇಡಂ. ಗೊತ್ತಿದ್ರೆ ಕೇಳ್ತಿರಲಿಲ್ಲ."

"ಈ ಆಸ್ಪತ್ರೇಲಿ ಬಾಗಿಲಿಗೆ ತಲೆ ಬಗ್ಗಿಸೋನು ಇನ್ನೊಬ್ಬ ಇದ್ದಾನಾ? ಗೊತ್ತಿದ್ದೇ ಕೇಳಿದ್ದಾಳೆ."

"ನೀವೇ ಮಾಡಿ ಮೇಡಂ. ನಾನು ಜೊತೇಲಿ ಇರ್ತೀನಿ."

"ಆಗಲ್ಲ. ನೀನು ಮಾಡು, ನಾನು ಹಿಂದೆ ಕೈ ಕಟ್ಕೊಂಡು ನಿಲ್ತೀನಿ."

ಕೂಸಿನ ಜೀವ ಒತ್ತೆ ಇಟ್ಟು ಪಾಠ ಮಾಡೋಳಲ್ಲ ನಾನು, ಅದನ್ನ ಇಲ್ಲೇ ಹೇಳಿಬಿಡ್ತೀನಿ. ಅವನ ಕೆಲಸದ ಮೇಲೆ ಎಳ್ಳಷ್ಟು ಅನುಮಾನ ಇದ್ದಿದ್ರೂ ಆ ಕೋಣೆಗೆ ಅವನನ್ನ ಬಿಡ್ತಿರಲಿಲ್ಲ. ಅನುಮಾನ ಇದ್ದದ್ದು ಅವನಿಗೆ. ನನಗಲ್ಲ.

"ಕೈ ನಡುಗಿದ್ರೆ?" ಅಂದ.

"ತಳ್ಳಿಬಿಡ್ತೀನಿ. ನೀನೆಷ್ಟೇ ಪೈಲ್ವಾನ ಆಗಿರು, ನನ್ನ ಮೊಣಕೈ ಏಟು ತಿಂದಿಲ್ಲ ಇನ್ನೂ."

ಹಾಲಿನ ಕೊಳವೆ ಕೂರಿಸಿ ಕಿಂಡಿ ಮುಚ್ಚಿದ. "ಇದೊಂದು ಮಾಡಿ ಹೋಗ್ತೀನಿ" ಅಂದ.

"ಹೋಗು, ಯಾರು ಹಿಡ್ಕೊಂಡಿದ್ದಾರೆ?" ಅಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ಕರೆ ಬಂತು. ಹೆರಿಗೆ ಕೋಣೆಯ ಗೋಡೆ ಪಕ್ಕ ನಮ್ಮ ಜಾಗ. ಮೇಲಿನಿಂದ ಬಿಸಿ ಬೀರೋ ಮೇಜು, ಅದರ ಮೇಲೆ ಬೆಚ್ಚಗಿನ ಬಟ್ಟೆ, ಕೂಸನ್ನ ಕತ್ತಿನ ತನಕ ಇಳಿಸೋ ಪ್ಲಾಸ್ಟಿಕ್ ಚೀಲ. ತಿಂಗಳು ತುಂಬದ ಕೂಸು ಒದ್ದೆ ಮೈಯಲ್ಲಿ ಕ್ಷಣಮಾತ್ರದಲ್ಲಿ ತಣ್ಣಗಾಗುತ್ತೆ, ಅದಕ್ಕೇ ಚೀಲ. ಪೈಲ್ವಾನ ಎಲ್ಲ ಒಂದೊಂದಾಗಿ ಮುಟ್ಟಿ ನೋಡಿದ. ಮಾಸ್ಕ್ ತನ್ನ ಕೆನ್ನೆಗೆ ಒತ್ತಿ ಗಾಳಿ ಬರ್ತಿದೆಯಾ ನೋಡಿದ. ಟ್ಯೂಬ್ ಹಾಕೋಕೆ ಗಂಟಲಿನೊಳಗೆ ಬೆಳಕು ಬಿಡೋ ಉಪಕರಣವನ್ನ ಉರಿಸಿ, ಆರಿಸಿ, ಪಕ್ಕಕ್ಕಿಟ್ಟ. ದೊಡ್ಡ ಸಿಸ್ಟರ್ ಎಡಗಡೆ, ನಾನು ಹಿಂದೆ. ಅವನ ಬೆನ್ನು ಅಷ್ಟು ಅಗಲ, ನನಗೆ ಒಂದು ಪಕ್ಕಕ್ಕೆ ವಾಲಿ ನೋಡಬೇಕಾಯ್ತು.

ಕೂಸು ಬಂತು. ಗಂಡು. ಬೆಕ್ಕಿನ ಮರಿ ಹಾಗೆ ಒಂದು ಸಲ ಮಿಯಾಂ ಅಂದು, ಸುಮ್ಮನಾಯ್ತು.

ಪೈಲ್ವಾನ ಎರಡು ಅಂಗೈಯಲ್ಲಿ ತಗೊಂಡ, ಚೀಲಕ್ಕೆ ಇಳಿಸಿದ, ತಲೆ ಒರೆಸಿ ಟೋಪಿ ಹಾಕಿದ, ಮೂಗು ಬಾಯಿ ಮುಚ್ಚೋ ಹಾಗೆ ಮಾಸ್ಕ್ ಇಟ್ಟ. ಮಾಸ್ಕಿನ ಕೊಳವೆಗೊಂದು ರಂಧ್ರ ಇರುತ್ತೆ, ಅದಕ್ಕೆ ಬೆರಳು ಮುಚ್ಚಿದ್ರೆ ಕೂಸಿನ ಎದೆಗೆ ಗಾಳಿ ಹೋಗುತ್ತೆ, ತೆಗೆದ್ರೆ ವಾಪಸ್ ಬರುತ್ತೆ. ಅವನು ಮುಚ್ಚಿ ತೆಗೆದ, ಮುಚ್ಚಿ ತೆಗೆದ. ದೊಡ್ಡ ಸಿಸ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು, ಬಡಿತ ಕೇಳಿದ ಹಾಗೆಲ್ಲ ಮೇಜಿನ ಮೇಲೆ ಬೆರಳು ಕುಟ್ಟಿ ತೋರಿಸ್ತಿದ್ರು. ಟಕ್... ಟಕ್... ಟಕ್. ನಿಧಾನ. ತೀರಾ ನಿಧಾನ.

ಎದೆ ಏಳ್ತಿರಲಿಲ್ಲ.

ಅವನು ಮುಚ್ಚಿ ತೆಗೆದ. ಏಳಲಿಲ್ಲ. ಸಿಸ್ಟರ್ ಬೆರಳು ಇನ್ನೂ ನಿಧಾನ ಆಯ್ತು. ಕೂಸಿನ ತುಟಿ ನೀಲಿ. ನಮ್ಮ ಕಸುಬಿನವರಿಗೆ ಒಂದು ರೋಗ ಇದೆ. ಎದೆ ಏಳಲಿಲ್ಲ ಅಂದ್ರೆ ಸಾಕು, ಟ್ಯೂಬ್ ಹಾಕಿಬಿಡೋಣ ಅಂತ ಕೈ ತುರಿಸುತ್ತೆ. ಟ್ಯೂಬ್ ಹಾಕೋದು ಬಲ್ಲವರಿಗೆ ಈ ರೋಗ ಇನ್ನೂ ಜಾಸ್ತಿ. ನನ್ನ ಕೈ ಯಾವಾಗ ಬಿಚ್ಚಿಕೊಂಡಿತೋ ಗೊತ್ತಿಲ್ಲ. ನೋಡ್ತೀನಿ, ಅವನ ಪಕ್ಕದಿಂದ ತೂರಿ ಆ ಬೆಳಕಿನ ಉಪಕರಣ ಎತ್ತಿಕೊಂಡಿದ್ದೀನಿ.

"ಮೇಡಂ, ಕೈ."

ದನಿ ಏರಿಸಲಿಲ್ಲ ಅವನು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈ ಗೂಡಿನಲ್ಲಿ ನನಗೆ ಆ ಮಾತು ಯಾರೂ ಹೇಳಿರಲಿಲ್ಲ. ಎತ್ತಿಕೊಂಡಿದ್ದನ್ನ ಅಲ್ಲೇ ಇಟ್ಟು ಕೈ ಕಟ್ಟಿದೆ. ಕಟ್ಟಿದ ಕೈಯೊಳಗೆ ಉಗುರು ಊರಿಕೊಂಡು ನಿಂತೆ.

"ಕತ್ತು ಜಾಸ್ತಿ ಹಿಂದಕ್ಕೆ ಹೋಗಿದೆ" ಅಂದ ಅವನು, ತನಗೆ ತಾನೇ ಹೇಳ್ಕೊಳ್ಳೋ ಹಾಗೆ. ಎಳೆ ಕೂಸಿನ ಕತ್ತು ಮುಂದೆ ಬಾಗಿದ್ರೂ ಉಸಿರಿನ ದಾರಿ ಮುಚ್ಚುತ್ತೆ, ಹಿಂದೆ ಬಾಗಿದ್ರೂ ಮುಚ್ಚುತ್ತೆ. ಅವನು ಮಾಸ್ಕ್ ಒಂಚೂರು ಎತ್ತಿ, ತಲೆಯನ್ನ ಕೂದಲೆಳೆಯಷ್ಟು ಸರಿಸಿ, ಈ ಸಲ ಎರಡೂ ಕೈಯಲ್ಲಿ ಹಿಡಿದ. ಹೆಬ್ಬೆರಳುಗಳು ಮಾಸ್ಕಿನ ಮೇಲೆ, ಉಳಿದ ಬೆರಳುಗಳು ದವಡೆ ಕೆಳಗೆ. ಕೂಸಿನ ತಲೆ ಪೂರ್ತಿ ಅವನ ಕೈಯೊಳಗೆ ಕೂತಿತು. "ಸಿಸ್ಟರ್, ರಂಧ್ರ ನೀವು ಮುಚ್ಚಿ. ನಾನು ಹಿಡ್ಕೊಂಡಿರ್ತೀನಿ."

ಸಿಸ್ಟರ್ ಒಂದು ಕೈಯಲ್ಲಿ ಸ್ಟೆತಸ್ಕೋಪ್ ಬಿಡದೆ, ಇನ್ನೊಂದು ಕೈ ಚಾಚಿ ಮುಚ್ಚಿದ್ರು, ತೆಗೆದ್ರು.

ಎದೆ ಎದ್ದಿತು.

ಪ್ಲಾಸ್ಟಿಕ್ ಚೀಲದೊಳಗೆ ಆ ಪುಟಾಣಿ ಎದೆ ಎದ್ದಿತು, ಇಳೀತು, ಮತ್ತೆ ಎದ್ದಿತು. ಕುಟ್ಟೋಕೆ ಕೈ ಖಾಲಿ ಇಲ್ಲದೆ ದೊಡ್ಡ ಸಿಸ್ಟರ್ ಬಾಯಲ್ಲೇ "ಟಕ್ ಟಕ್ ಟಕ್ ಟಕ್" ಅಂತ ಬಡಿತ ಹೇಳೋಕೆ ಶುರು ಮಾಡಿದ್ರು, ಹೇಳ್ತಾ ಹೇಳ್ತಾ ನಾಲಿಗೆ ತೊಡರೋ ಅಷ್ಟು ಜೋರಾಯ್ತು. ಎದೆ ಮೊದಲು, ಆಮೇಲೆ ಮುಖ, ಆಮೇಲೆ ತುಟಿ, ಬಣ್ಣ ಬಂತು. ಆಮೇಲೆ ಕೂಸು ಮಾಸ್ಕಿನೊಳಗೇ ಸಿಟ್ಟಿನಿಂದ ಅತ್ತಿತು. ಟ್ಯೂಬಿನ ಸುದ್ದಿಯೇ ಬೇಕಾಗಲಿಲ್ಲ. ತಾನೇ ಉಸಿರಾಡ್ತಿತ್ತು, ಮೂಗಿಗೆ ಸ್ವಲ್ಪ ಗಾಳಿಯ ಒತ್ತಾಸೆ ಕೊಟ್ರೆ ಸಾಕಿತ್ತು. ಟ್ಯೂಬ್ ಹಾಕೋದು ಕಲಿಸಬಹುದು ಕಣ್ರೀ. ಹಾಕದೇ ಇರೋದು ಕಲಿಸೋದಕ್ಕೆ ನನ್ನ ಅರ್ಧ ಆಯುಷ್ಯ ಹೋಗಿದೆ, ಆವತ್ತು ನಾನೇ ಅದನ್ನ ಮರೆತಿದ್ದೆ, ಅವನು ಮರೆತಿರಲಿಲ್ಲ. ಖುಷಿಗೆ ನನಗೆ ಅವನ ಬೆನ್ನಿಗೊಂದು ಗುದ್ದಬೇಕು ಅನ್ನಿಸ್ತು.

ಕೂಸನ್ನ ಗೂಡಿಗೆ ಸಾಗಿಸೋವಾಗ ವರಾಂಡದಲ್ಲಿ ಅಜ್ಜಿ, ಅವರ ಪಕ್ಕದಲ್ಲಿ ಡ್ರೈವರ್ ಸಮವಸ್ತ್ರದಲ್ಲೇ ಓಡಿ ಬಂದಿದ್ದ ಮಗ. ಕೂಸು ಅಳೋದು ಕೇಳಿ ಅಜ್ಜಿ ಪೈಲ್ವಾನನ ಕೈ ಹಿಡ್ಕೊಂಡೇಬಿಟ್ರು. "ನಿನ್ನ ಕೈಗುಣ ಬಂಗಾರ ಕಣಪ್ಪಾ!"

ಹೋದ ಸಲ ರಾಕ್ಷಸನ ಕೈ, ಈ ಸಲ ಬಂಗಾರದ ಕೈ! ಅದೇ ಕೈ, ಅದೇ ಕೆಲಸ. ಪೈಲ್ವಾನ ಅವರ ಕೈಯಿಂದ ಮೆಲ್ಲಗೆ ಬಿಡಿಸ್ಕೊಂಡ. ಅವನ ಮುಖದಲ್ಲಿ ಗೆಲುವು ಬರುತ್ತೆ ಅಂತ ಕಾದೆ. ಬರಲಿಲ್ಲ. ಕೂಸನ್ನ ಪೆಟ್ಟಿಗೆಗೆ ಹಾಕಿ, ಮೂಗಿಗೆ ಕೊಳವೆ ಕೂರಿಸಿ, ಎಲ್ಲ ಮುಗಿದ ಮೇಲೆ ಕೇಳಿದೆ, "ಏನಪ್ಪ, ಇನ್ನೂ ಆ ಕ್ಲಿನಿಕ್ಕೇನಾ?"

"ಅಜ್ಜಿ ಇವತ್ತು ಒಳ್ಳೇದು ಅಂದ್ರು. ನಾಳೆ ಇನ್ನೊಂದು ಹೋದ್ರೆ ಇನ್ನೊಬ್ರು ಕೆಟ್ಟದ್ದು ಅಂತಾರೆ. ಹಿಂಗೆ ಮೇಲೆ ಕೆಳಗೆ ಆಗ್ತಾ ಇರೋಕೆ ನನ್ನ ಕೈಲಿ ಆಗಲ್ಲ ಮೇಡಂ" ಅಂದ. ಮಾತು ಸರಿಯಾಗೇ ಇತ್ತು. ನನಗೆ ಅದಕ್ಕೇ ಇನ್ನೂ ಬೇಜಾರಾಯ್ತು.

ಸಂಜೆ ಬಿಸಿಲು ಇಳಿಯೋ ಹೊತ್ತಿಗೆ ಟೈಲರಮ್ಮನನ್ನ ಗಾಲಿ ಕುರ್ಚಿಯಲ್ಲಿ ಗೂಡಿಗೆ ಕರ್ಕೊಂಡು ಬಂದ್ರು. ಪೆಟ್ಟಿಗೆಯ ಗಾಜಿಗೆ ಹಣೆ ತಾಗಿಸಿ ಮಗನನ್ನ ನೋಡ್ತಾ ಕೂತಳು. ನಾನು ಪಕ್ಕದ ಕೂಸಿನ ಹತ್ತಿರ ಇದ್ದೆ. ಪೈಲ್ವಾನ ಬಂದು ಅವಳ ಕುರ್ಚಿ ಪಕ್ಕ ಮಂಡಿಯೂರಿ ಕೂತ, ಆಗಲೂ ಅವಳಷ್ಟೇ ಎತ್ತರ ಇದ್ದ.

"ಅಮ್ಮಾ, ನಿಮಗೆ ಒಂದು ವಿಷಯ ಹೇಳಬೇಕು. ಹೋದ ಸಲವೂ ನಾನೇ ಇದ್ದೆ."

"ಗೊತ್ತು."

"ಆ ಮಗೂನ ನನಗೆ ಉಳಿಸೋಕಾಗಲಿಲ್ಲ."

"ಅದೂ ಗೊತ್ತು" ಅಂದಳು ಅವಳು. ಕಣ್ಣು ಮಗನ ಮೇಲೇ ಇತ್ತು. "ಡಾಕ್ಟ್ರೇ, ಎಲ್ಲ ಮುಗಿದ ಮೇಲೆ ಅವಳನ್ನ ಬಟ್ಟೇಲಿ ಸುತ್ತಿ ಯಾರ ಹತ್ತಿರ ಆದ್ರೂ ಕೊಟ್ಟು ಕಳಿಸಬಹುದಿತ್ತು ನೀವು. ಕಳಿಸಲಿಲ್ಲ. ಆ ಉದ್ದ ವರಾಂಡ ಪೂರ್ತಿ ನಿಮ್ಮ ಎರಡು ಕೈಯೊಳಗೆ ಮುಚ್ಚಿಕೊಂಡು ತಂದ್ರಿ. ನನ್ನ ಕೈಗೆ ಬಂದಾಗ ನನ್ನ ಮಗಳು ಬೆಚ್ಚಗಿದ್ದಳು. ನಾನು ಅವಳನ್ನ ಮುಟ್ಟಿದ್ದು ಅದೊಂದೇ ಸಲ. ತಣ್ಣಗಾಗಿದ್ರೆ ನನಗೆ ಜೀವಮಾನ ಪೂರ್ತಿ ಆ ತಣ್ಣನೇ ನೆನಪು ಉಳೀತಿತ್ತು." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಇವನು ಉಳೀತಾನೆ ಅಂತ ನಿಮ್ಮನ್ನ ಕರೆಸಿದ್ದಲ್ಲ. ಉಳೀದೇ ಹೋದ್ರೂ ನಿಮ್ಮ ಕೈಯಲ್ಲೇ ಇರಲಿ ಅಂತ ಕರೆಸಿದೆ."

ಪೈಲ್ವಾನ ಮುಖ ಮುಚ್ಚಿಕೊಂಡ. ಅಷ್ಟು ದೊಡ್ಡ ಗಂಡಸು, ಭುಜ ಕುಲುಕಿಸಿಕೊಂಡು ಅತ್ತ. ಗೂಡಿನಲ್ಲಿ ಡಾಕ್ಟರುಗಳು ಅಳಬಾರದು ಅಂತ ನಾನೇ ಬೈತಿರ್ತೀನಿ, ಅವತ್ತು ಬೈಯಲಿಲ್ಲ. ನನ್ನ ಕಣ್ಣೂ ತುಂಬಿತ್ತು, ಮುಚ್ಚಿಟ್ಟು ಏನು?

ಸ್ವಲ್ಪ ಹೊತ್ತಾದ ಮೇಲೆ ಅವನು ಎದ್ದು ಹೋಗಿ ಮುಖ ತೊಳ್ಕೊಂಡು ಬಂದ. ಅವಳ ಕೈಯನ್ನೂ ತೊಳೆಸಿದ, ಪೆಟ್ಟಿಗೆಯ ಕಿಂಡಿ ತೆರೆದು, ಹೇಗೆ ಮುಟ್ಟಬೇಕು ಅಂತ ತೋರಿಸಿಕೊಟ್ಟ. "ಸವರಬೇಡಿ ಅಮ್ಮಾ, ಚರ್ಮ ಇನ್ನೂ ಎಳೇದು. ಒಂದು ಕೈ ತಲೆ ಮೇಲೆ, ಒಂದು ಕೈ ಪಾದದ ಹತ್ತಿರ, ಸುಮ್ಮನೆ ಇಟ್ಕೊಂಡಿರಿ." ಅವಳು ಇಟ್ಟಳು. ಕೂಸು ಒಂದು ಸಲ ಮಿಸುಕಿ, ಅವಳ ಅಂಗೈಯೊಳಗೆ ಕಾಲು ಮಡಚಿ ಮಲಗಿತು.

"ನಾಳೆ ಬರ್ತೀರಲ್ಲ ಡಾಕ್ಟ್ರೇ?" ಅಂತ ಕೇಳಿದಳು, ಮಗನಿಂದ ಕಣ್ಣು ತೆಗೆಯದೆ.

"ಬರ್ತೀನಿ" ಅಂದ ಪೈಲ್ವಾನ. "ಇವನು ಮನೆಗೆ ಹೋದ ಮೇಲೂ ಇಲ್ಲೇ ಇರ್ತೀನಿ."